ಸಿ ಹೆಡರ್ ಫೈಲ್‌ಗಳಲ್ಲಿ ಮ್ಯಾಕ್ರೊ ಮತ್ತು ಇನ್‌ಲೈನ್ ಫಂಕ್ಷನ್

ಸಿ ಭಾಷೆಯಲ್ಲಿ ಫಂಕ್ಷನ್ ಕರೆಯ ವೆಚ್ಚ ತಪ್ಪಿಸಿ, ಚಿಕ್ಕ ಕೋಡನ್ನು ಹೆಡರ್ ಫೈಲಿನಲ್ಲೇ ಬರೆದಿಡಲು ಎರಡು ದಾರಿಗಳಿವೆ. ಮ್ಯಾಕ್ರೊ ಹಳೆಯದು. ಇನ್‌ಲೈನ್ ಫಂಕ್ಷನ್ ಸಿ ಮಾನಕಕ್ಕೆ ಸೇರಿದ್ದು 1999ರಲ್ಲಿ, ಸಿ99 ಆವೃತ್ತಿಯಲ್ಲಿ.

ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ ಸಿ ಭಾಷೆಯನ್ನು ರೂಪಿಸುತ್ತಿದ್ದಾಗ, 1972–73ರ ಸುಮಾರಿಗೆ, ಭಾಗಶಃ ಅಲನ್ ಸ್ನೈಡರ್ ಅವರ ಒತ್ತಾಯದಿಂದ ಪ್ರಿಪ್ರೊಸೆಸರ್ ಬಂತು. ಬೇರೆ ಫೈಲನ್ನು ಒಳಗೆ ತರುವುದು, ಒಂದು ಹೆಸರಿನ ಜಾಗದಲ್ಲಿ ಪಠ್ಯ ಇಡುವುದು: ಮೊದಲು ಅದರ ಕೆಲಸ ಇಷ್ಟೇ. ಆರ್ಗ್ಯುಮೆಂಟ್ ಪಡೆಯುವ ಮ್ಯಾಕ್ರೊಗಳು ಮೈಕ್ ಲೆಸ್ಕ್ ಮತ್ತು ಆಮೇಲೆ ಜಾನ್ ರೈಸರ್ ಅವರ ಕೈಯಿಂದ ಬಂದವು.

ಮ್ಯಾಕ್ರೊ ಪಠ್ಯವನ್ನು ಅಂಟಿಸುತ್ತದೆಯೇ ಹೊರತು ಅರ್ಥ ನೋಡುವುದಿಲ್ಲ. ಎರಡರಲ್ಲಿ ದೊಡ್ಡದನ್ನು ಆರಿಸುವ 'ಮ್ಯಾಕ್ಸ್' ಮ್ಯಾಕ್ರೊವನ್ನೇ ನೋಡಿ. ಹೋಲಿಸುವಾಗ ಆರ್ಗ್ಯುಮೆಂಟ್ ಒಮ್ಮೆ ಬರುತ್ತದೆ, ಉತ್ತರ ಕೊಡುವಾಗ ಮತ್ತೊಮ್ಮೆ. ಅದಕ್ಕೆ 'ಐ ಪ್ಲಸ್ ಪ್ಲಸ್' ಕೊಟ್ಟರೆ, ಐ ದೊಡ್ಡದಾಗಿದ್ದ ಸಂದರ್ಭದಲ್ಲಿ ಅದರ ಬೆಲೆ ಒಂದರ ಬದಲು ಎರಡು ಹೆಚ್ಚುತ್ತದೆ. ಎಷ್ಟು ಆವರಣ ಹಾಕಿದರೂ ಈ ದೋಷ ಹೋಗದು. ಇನ್‌ಲೈನ್ ಫಂಕ್ಷನ್‌ನಲ್ಲಿ ಆರ್ಗ್ಯುಮೆಂಟಿನ ಬೆಲೆ ಒಮ್ಮೆ ಮಾತ್ರ ಲೆಕ್ಕವಾಗುತ್ತದೆ, ಟೈಪ್ ತಪಾಸಣೆಯೂ ನಡೆಯುತ್ತದೆ. ಇಷ್ಟೊಂದು ಲಾಭವಿದ್ದೂ ಅದು ಮಾನಕಕ್ಕೆ ಇಷ್ಟು ತಡವಾಗಿ ಬಂದದ್ದು ವಿಷಾದದ ಸಂಗತಿ.

ತಡವಾದ ಕಾರಣಕ್ಕೇ ಗೊಂದಲವೂ ಹುಟ್ಟಿತು. ಜಿಸಿಸಿ ಕಂಪೈಲರ್ ಅಷ್ಟರಲ್ಲೇ ತನ್ನದೇ ಇನ್‌ಲೈನ್ ಕೊಟ್ಟಿತ್ತು. 'ಎಕ್ಸ್‌ಟರ್ನ್ ಇನ್‌ಲೈನ್' ಎಂದರೆ ಜಿಸಿಸಿಯ ಹಳೆಯ ರೀತಿಯಲ್ಲಿ ಬೇರೆ ಫೈಲ್‌ಗಳಿಗೂ ಸಿಗುವ ಫಂಕ್ಷನ್‌ನ ಪ್ರತಿ ಹುಟ್ಟುವುದಿಲ್ಲ, ಸಿ99ರಲ್ಲಿ ಹುಟ್ಟುತ್ತದೆ. ಅದೇ ಹೆಡರ್ ಒಂದು ಕಡೆ ಸರಿಯಾಗಿ ಬಿಲ್ಡ್ ಆಗಿ, ಇನ್ನೊಂದು ಕಡೆ ಒಂದೇ ಹೆಸರಿಗೆ ಹಲವು ವ್ಯಾಖ್ಯೆಗಳಿವೆ ಎಂದು ಲಿಂಕರ್ ನಿಲ್ಲಿಸುತ್ತಿತ್ತು. ಜಿಸಿಸಿ ಪೂರ್ವನಿಯೋಜಿತವಾಗಿ ಮಾನಕದ ರೀತಿಗೆ ಹೊರಳಿದ್ದು 2015ರ 5ನೇ ಆವೃತ್ತಿಯಲ್ಲಿ. ಎರಡೂ ರೀತಿಗಳಲ್ಲಿ ಒಂದೇ ಅರ್ಥ ಕೊಡುವ 'ಸ್ಟ್ಯಾಟಿಕ್ ಇನ್‌ಲೈನ್' ಹೆಡರ್‌ಗಳಲ್ಲಿ ರೂಢಿಯಾದದ್ದು ಹೀಗೆ. ಫಂಕ್ಷನ್‌ನಂತೆ ಕಾಣುವ ಮ್ಯಾಕ್ರೊಗಿಂತ ಇನ್‌ಲೈನ್ ಫಂಕ್ಷನ್ ಮೇಲು ಎಂದು ಲಿನಕ್ಸ್ ಕರ್ನಲ್‌ನ ಕೋಡಿಂಗ್ ಶೈಲಿಯೂ ಹೇಳುತ್ತದೆ.

ಆದರೂ ಕರೆದ ಜಾಗದ ಫೈಲ್ ಹೆಸರು, ಸಾಲಿನ ಸಂಖ್ಯೆ ಬೇಕಾದಾಗ, ಟೈಪನ್ನೇ ಆರ್ಗ್ಯುಮೆಂಟ್ ಆಗಿ ಕೊಡಬೇಕಾದಾಗ ಮ್ಯಾಕ್ರೊವೇ ಗತಿ. ಕರ್ನಲ್‌ನ 'ಮಿನ್', 'ಮ್ಯಾಕ್ಸ್' ಹಲವು ಟೈಪ್‌ಗಳಿಗೆ ಒದಗಬೇಕಾದ್ದರಿಂದ ಮ್ಯಾಕ್ರೊಗಳಾಗಿಯೇ ಉಳಿದವು. ಟೈಪ್ ತಪಾಸಣೆಯನ್ನೂ ಅವುಗಳೊಳಗೆ ತುಂಬುತ್ತ ಹೋದದ್ದರಿಂದ, ಒಂದರೊಳಗೊಂದು ಹೆಣೆದ ಒಂದೇ ಸಾಲು ಪ್ರಿಪ್ರೊಸೆಸರ್ ದಾಟುವಷ್ಟರಲ್ಲಿ 47 ಮೆಗಾಬೈಟ್‌ಗೆ ಉಬ್ಬುತ್ತಿದ್ದುದು 2024ರಲ್ಲಿ ಬೆಳಕಿಗೆ ಬಂತು. ಅದೇ ವರ್ಷ ಆ ಮ್ಯಾಕ್ರೊಗಳನ್ನು ಸರಳಗೊಳಿಸಲಾಯಿತು.