ಗಿಜುಭಾಯಿ ಬಧೇಕಾ

ಗಿಜುಭಾಯಿ ಬಧೇಕಾ (15 ನವೆಂಬರ್ 1885 – 23 ಜೂನ್ 1939) ಗುಜರಾತಿನ ಶಿಕ್ಷಣತಜ್ಞರು ಹಾಗೂ ಮಕ್ಕಳ ಸಾಹಿತಿ. ವಕೀಲಿ ವೃತ್ತಿಯನ್ನು ತೊರೆದು ಶಿಕ್ಷಕರಾದ ಇವರು, ಭಯ ಮತ್ತು ದಂಡನೆಗಳಿಲ್ಲದೆ ಮಕ್ಕಳಿಗೆ ಕಲಿಸುವ ಕ್ರಮವೊಂದನ್ನು ಭಾವನಗರದಲ್ಲಿ ರೂಪಿಸಿದರು. ಮಕ್ಕಳ ಮೇಲಿನ ಅಕ್ಕರೆಯಿಂದಾಗಿ 'ಮೂಛಾಳಿ ಮಾ', ಅಂದರೆ 'ಮೀಸೆಯುಳ್ಳ ತಾಯಿ' ಎಂದು ಹೆಸರಾದರು.

ವಕೀಲಿಯಿಂದ ಶಿಕ್ಷಕ ವೃತ್ತಿಗೆ

ಇವರ ಪೂರ್ಣ ಹೆಸರು ಗಿರಿಜಾಶಂಕರ ಭಗವಾನ್‌ಜಿ ಬಧೇಕಾ. ಸೌರಾಷ್ಟ್ರದ ಚಿತ್ತಲ್‌ನಲ್ಲಿ ಜನಿಸಿದರು. 1907ರಲ್ಲಿ ಉದ್ಯೋಗಕ್ಕಾಗಿ ಪೂರ್ವ ಆಫ್ರಿಕಾಕ್ಕೆ ತೆರಳಿ, ಮರಳಿದ ಬಳಿಕ ಮುಂಬಯಿಯಲ್ಲಿ ಕಾನೂನು ವ್ಯಾಸಂಗ ಮಾಡಿ ವಕೀಲರಾದರು. 1913ರಲ್ಲಿ ಮಗ ನರೇಂದ್ರನ ಜನನವು ಇವರ ಬದುಕಿನ ದಿಕ್ಕನ್ನು ಬದಲಿಸಿತು. ಮಗನಿಗೆ ಎಂತಹ ಶಿಕ್ಷಣ ಕೊಡಬೇಕೆಂಬ ಯೋಚನೆ ಇವರನ್ನು ಇಟಲಿಯ ಮರಿಯಾ ಮಾಂಟೆಸ್ಸೊರಿ ಅವರ ಬರಹಗಳತ್ತ ಕರೆದೊಯ್ದಿತು. 1916ರಲ್ಲಿ ವಕೀಲಿಯನ್ನು ಬಿಟ್ಟು, ನಾನಾಭಾಯಿ ಭಟ್ಟರು ಸ್ಥಾಪಿಸಿದ್ದ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದರು.

ಬಾಲಮಂದಿರ

ಆರಂಭದಲ್ಲಿ ಸಂಸ್ಥೆಯ ಪ್ರೌಢಶಾಲೆಯಲ್ಲಿ ಕೆಲಸ ಮಾಡಿದ ಗಿಜುಭಾಯಿಯವರು, ಶಿಕ್ಷಣದ ಸುಧಾರಣೆ ಎಳೆಯ ವಯಸ್ಸಿನಿಂದಲೇ ಮೊದಲಾಗಬೇಕೆಂಬ ನಿಲುವಿಗೆ ಬಂದರು. ಇದರ ಫಲವಾಗಿ 1920ರಲ್ಲಿ ಬಾಲಮಂದಿರ ಆರಂಭವಾಯಿತು. ಮಗುವಿನ ಸ್ವಾತಂತ್ರ್ಯ, ಇಂದ್ರಿಯಗಳ ಮೂಲಕ ಕಲಿಕೆ ಮುಂತಾದ ತತ್ತ್ವಗಳನ್ನು ಇವರು ಮಾಂಟೆಸ್ಸೊರಿಯವರಿಂದ ಪಡೆದರಾದರೂ ಅವರ ಪದ್ಧತಿಯನ್ನು ಇದ್ದಂತೆಯೇ ಅನುಸರಿಸಲಿಲ್ಲ. ಎಳೆಯ ಮಕ್ಕಳಿಗೆ ಕಾಲ್ಪನಿಕ ಕಥೆಗಳನ್ನು ಹೇಳುವ ಬಗ್ಗೆ ಮಾಂಟೆಸ್ಸೊರಿಯವರಿಗೆ ಸಂದೇಹವಿತ್ತು. ಗಿಜುಭಾಯಿಯವರಾದರೋ ಜನಪದ ಕಥೆ, ಹಾಡು ಮತ್ತು ನಾಟಕಗಳನ್ನೇ ಬೋಧನೆಯ ಮುಖ್ಯ ಸಾಧನಗಳನ್ನಾಗಿಸಿಕೊಂಡರು. 1923ರಲ್ಲಿ ತಾರಾಬಾಯಿ ಮೋಡಕ್ ಇವರ ಸಹೋದ್ಯೋಗಿಯಾದರು. 1926ರಲ್ಲಿ ಇಬ್ಬರೂ ಸೇರಿ ನೂತನ ಬಾಲ ಶಿಕ್ಷಣ ಸಂಘವನ್ನು ಸ್ಥಾಪಿಸಿದರು.

ದಿವಾಸ್ವಪ್ನ

1930ರ ದಶಕದ ಆರಂಭದಲ್ಲಿ ಪ್ರಕಟವಾದ 'ದಿವಾಸ್ವಪ್ನ' (ಹಗಲುಗನಸು) ಇವರ ಪ್ರಸಿದ್ಧ ಕೃತಿ. ನಾಲ್ಕು ಭಾಗಗಳ ಈ ಕಥನದಲ್ಲಿ ಶಿಕ್ಷಕನೊಬ್ಬನು ಶಿಕ್ಷಣಾಧಿಕಾರಿಯ ಅನುಮತಿ ಪಡೆದು ಸಾಮಾನ್ಯ ಶಾಲೆಯೊಂದರ ನಾಲ್ಕನೆಯ ತರಗತಿಯಲ್ಲಿ ಒಂದು ವರ್ಷ ಪ್ರಯೋಗ ನಡೆಸುತ್ತಾನೆ. ನಿಗದಿತ ಪಾಠಕ್ರಮ ಮತ್ತು ಪರೀಕ್ಷೆಗಳಿಂದ ಅವನಿಗೆ ವಿನಾಯಿತಿಯಿಲ್ಲ. ಮೊದಲ ದಿನ ಮಕ್ಕಳಿಂದ ಮೌನದ ಆಟ ಆಡಿಸಲು ಹೋಗಿ ಅವನು ಸೋಲುತ್ತಾನೆ. ಗದ್ದಲ ಹೆಚ್ಚಾಗಿ ತರಗತಿಯನ್ನು ಬಿಡಬೇಕಾಗುತ್ತದೆ. ಅನಂತರ ಕಥೆ ಹೇಳುವ ಮೂಲಕ ಮಕ್ಕಳ ಗಮನವನ್ನು ಗೆಲ್ಲುತ್ತಾನೆ. ಆಟಗಳು, ತರಗತಿಯ ಗ್ರಂಥಾಲಯ, ದೇಹ ಹಾಗೂ ಉಡುಪಿನ ಸ್ವಚ್ಛತೆ, ನಾಟಕ ಇವು ಒಂದೊಂದಾಗಿ ಸೇರುತ್ತವೆ. ಸಹಶಿಕ್ಷಕರ ಅಪಹಾಸ್ಯ ಮತ್ತು ಪೋಷಕರ ಅನುಮಾನಗಳನ್ನೂ ಅವನು ಎದುರಿಸಬೇಕಾಗುತ್ತದೆ. ಉತ್ತಮ ಬೋಧನೆಗೆ ವಿಶೇಷ ಶಾಲೆಯೇ ಬೇಕೆಂದಿಲ್ಲ, ಇರುವ ಶಾಲೆಯ ಮಿತಿಯೊಳಗೂ ಅದು ಸಾಧ್ಯ ಎಂಬುದು ಕೃತಿಯ ಆಶಯ.

ಬೋಧನಾ ದೃಷ್ಟಿ

* ಮಗುವು ಸ್ವತಂತ್ರ ವ್ಯಕ್ತಿ. ಹೊಡೆತ, ಬೆದರಿಕೆ ಮತ್ತು ಬಹುಮಾನದ ಆಮಿಷಗಳು ಕಲಿಕೆಗೆ ಮಾರಕ.
* ಕಥೆ ಮತ್ತು ಆಟಗಳು ಪಾಠದ ನಡುವಿನ ಬಿಡುವಲ್ಲ, ಅವೇ ಪಾಠ.
* ಶಿಕ್ಷಕನು ಮಕ್ಕಳನ್ನು ಗಮನಿಸುತ್ತ, ತನ್ನ ವಿಧಾನವನ್ನು ತಿದ್ದಿಕೊಳ್ಳುತ್ತಿರಬೇಕು.

ಪ್ರಭಾವ

ಗಿಜುಭಾಯಿಯವರು ಮಕ್ಕಳಿಗಾಗಿ, ಶಿಕ್ಷಕರಿಗಾಗಿ ಮತ್ತು ಪೋಷಕರಿಗಾಗಿ ಗುಜರಾತಿಯಲ್ಲಿ ವಿಪುಲವಾಗಿ ಬರೆದಿದ್ದಾರೆ. ಇವರು ನಿಧನರಾದ 1939ರಲ್ಲಿಯೇ ಮಾಂಟೆಸ್ಸೊರಿಯವರು ಭಾರತಕ್ಕೆ ಬಂದು ಮದರಾಸಿನ ಅಡ್ಯಾರಿನಲ್ಲಿ ಶಿಕ್ಷಕರ ತರಬೇತಿಯನ್ನು ಆರಂಭಿಸಿದರು. ತಾರಾಬಾಯಿ ಮೋಡಕ್ ಅವರು ಮುಂದೆ ಬೋರ್ಡಿ ಮತ್ತು ಕೋಸ್‌ಬಾಡ್‌ಗಳಲ್ಲಿ ಈ ಕಾರ್ಯವನ್ನು ಗ್ರಾಮೀಣ ಹಾಗೂ ಆದಿವಾಸಿ ಮಕ್ಕಳಿಗೆ ವಿಸ್ತರಿಸಿದರು. 'ದಿವಾಸ್ವಪ್ನ'ವು ಹಲವು ಭಾರತೀಯ ಭಾಷೆಗಳಿಗೆ ಅನುವಾದಗೊಂಡಿದೆ.