ಮರಕ್ಕೆ ನೇತುಹಾಕಿದ ನೇಗಿಲು: ನಮ್ಮ ಸೀಮೆಯವರು ‘ಆಗಲ್ಲ’ ಅಂತ ಹೇಳುತ್ತಿದ್ದದ್ದು ಹೇಗೆ?

ಈ ಸಲದ ಇತಿಹಾಸ ಶುರುವಾಗೋದು ಒಂದು ವಾಟ್ಸಾಪ್ ಕಾಲ್‌ನಿಂದ.

ನಮ್ಮ ಅತ್ತೆ ಮಗ ಟಿ. ನರಸೀಪುರದ ಪಕ್ಕದ ಹಳ್ಳಿಯವನು. ಕೆಲಸ ಸಿಕ್ಕಿ ನೆದರ್‌ಲೆಂಡ್ಸ್‌ಗೆ ಹೋಗಿ ಆರು ತಿಂಗಳಾಗಿದೆ. ಅಲ್ಲಿ ಒಂದು ಮೀಟಿಂಗಲ್ಲಿ ಮ್ಯಾನೇಜರ್ ತನ್ನ ಪ್ಲಾನ್ ತೋರಿಸಿ, ಹೇಗಿದೆ ಅಂತ ಎಲ್ಲರನ್ನೂ ಕೇಳಿದ್ದಾರೆ. ಕೆಲಸಕ್ಕೆ ಸೇರಿ ವರ್ಷವೂ ಆಗದ ಒಬ್ಬ ಹುಡುಗಿ, ‘ಇದು ವರ್ಕ್ ಆಗಲ್ಲ’ ಅಂತ ಮುಖಕ್ಕೇ ಹೇಳಿದಳಂತೆ. ಮ್ಯಾನೇಜರ್ ತಲೆಯಾಡಿಸಿ ಬರ್ಕೊಂಡರಂತೆ. ಆಮೇಲೆ ಇಬ್ಬರೂ ಒಟ್ಟಿಗೆ ಕಾಫಿ ಕುಡಿದರಂತೆ. ಇವನ ಸರದಿ ಬಂದಾಗ ಇವನು ಹೇಳಿದ್ದು, ನಾವೆಲ್ಲ ಹೇಳೋದೇ: ‘ನೋಡೋಣ, ಮಾಡಬಹುದು.’

ಮ್ಯಾನೇಜರ್ ಅದನ್ನ ‘ಒಪ್ಪಿದ್ದಾನೆ’ ಅಂತ ಬರ್ಕೊಂಡು, ಪ್ಲಾನಿನ ಅರ್ಧ ಕೆಲಸ ಇವನ ತಲೆಗೇ ಕಟ್ಟಿದರು. ‘ನಾನು ಆಗಲ್ಲ ಅಂತ್ಲೇ ಹೇಳಿದ್ದು ಕಣ್ಲಾ! ನೋಡಣ ಬುಡಿ ಅಂದ್ರೆ ಆಗಕಿಲ್ಲ ಅಂತ ಅವರಿಗೆ ಗೊತ್ತಾಗಬೇಡ್ವಾ?’ ಅಂತ ಫೋನಲ್ಲಿ ಗೋಳು. ಪ್ರೊಬೇಷನ್ ಇನ್ನೂ ಮುಗಿದಿಲ್ಲ, ಹಾಗಾಗಿ ನಗೋ ವಿಷಯ ಅಲ್ಲ. ಆದರೂ ನಾನು ನಕ್ಕೆ.

ಕೊನೆಗೆ ಅವನೇ ಒಂದು ಮಾತು ಹೇಳಿದ. ‘ನಮ್ಮೋರಿಗೆ ಅಭಿಪ್ರಾಯ ಹೇಳೋ ಕಲ್ಚರ್ರೇ ಇಲ್ಲ ಬುಡು.’ ಇದು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಯಾಕಂದ್ರೆ ಇವನ ಹಾಗೇ ಪರದೇಶಕ್ಕೆ ಹೊಸಬನಾಗಿ ಹೋದ ಇನ್ನೊಬ್ಬ, ನಮ್ಮ ಸೀಮೆ ಬಗ್ಗೆ ಪೂರ್ತಿ ಉಲ್ಟಾ ಬರೆದಿದ್ದಾನೆ.

ಅವನ ಹೆಸರು ಮಾರ್ಕ್ ವಿಲ್ಕ್ಸ್. ಇಂಗ್ಲೆಂಡ್ ಪಕ್ಕದ ಐಲ್ ಆಫ್ ಮ್ಯಾನ್ ಅನ್ನೋ ಸಣ್ಣ ದ್ವೀಪದವನು. ಟಿಪ್ಪು ತೀರಿಕೊಂಡ ಮೇಲೆ ಮೈಸೂರಲ್ಲಿ ಕಂಪನಿಯ ರೆಸಿಡೆಂಟ್ ಆಗಿದ್ದ. (ಮುಂದೆ ಸೇಂಟ್ ಹೆಲೆನಾ ದ್ವೀಪಕ್ಕೆ ಗವರ್ನರ್ ಆಗಿ, ಸೆರೆಯಾಗಿ ಬಂದ ನೆಪೋಲಿಯನ್ ಜೊತೆ ಮಾತುಕತೆಯನ್ನೂ ನಡೆಸಿದ. ಅದೇ ಒಂದು ಎಪಿಸೋಡ್ ಆಗುತ್ತೆ.) ಅವನು ಬರೆದ ಮೈಸೂರು ಇತಿಹಾಸದ ಮೊದಲ ಸಂಪುಟ 1810ರಲ್ಲಿ ಬಂತು. ಅದರಲ್ಲಿ ತನಗಿಂತ ನೂರಕ್ಕೂ ಹೆಚ್ಚು ವರ್ಷ ಹಿಂದಿನ ಒಂದು ಸಂಗತಿ ಬರುತ್ತೆ.

1673ರಿಂದ 1704ರವರೆಗೆ ಆಳಿದವರು ಚಿಕ್ಕದೇವರಾಜ ಒಡೆಯರ್. ಅಠಾರ ಕಚೇರಿ ಅಂತ ಹದಿನೆಂಟು ಇಲಾಖೆ ಮಾಡಿದವರು, ಅಂಚೆ ವ್ಯವಸ್ಥೆ ತಂದವರು. ಖಜಾನೆ ತುಂಬಿಸಿ ‘ನವಕೋಟಿ ನಾರಾಯಣ’ ಅಂತ ಹೆಸರು ಪಡೆದವರು. ನಾನು ಬಿಕಾಂ ಓದಿದವನು, ನವಕೋಟಿ ಅಂದ ಕೂಡಲೇ ನನಗೆ ಬರೋ ಪ್ರಶ್ನೆ ಒಂದೇ: ಯಾರ ಜೇಬಿಂದ? ವಿಲ್ಕ್ಸ್ ಹೇಳೋ ಪ್ರಕಾರ, ಬೆಳೆಯಲ್ಲಿ ಆರನೇ ಒಂದು ಪಾಲು ಅನ್ನೋ ಹಳೇ ಲೆಕ್ಕವನ್ನ ಅವರು ಮುಟ್ಟಲಿಲ್ಲ. ಅದರ ಮೇಲೆ ಸಣ್ಣ ಸಣ್ಣ ತೆರಿಗೆಗಳನ್ನ ಒಂದೊಂದಾಗಿ ಪೇರಿಸುತ್ತಾ ಹೋದರು. ಬಿಲ್ಲಿನ ಕೆಳಗೆ ಸೆಸ್ಸು, ಸರ್‌ಚಾರ್ಜು ಸೇರ್ಕೊಂಡ ಹಾಗೆ.

ರೈತರು ಏನು ಮಾಡಿದರು? ಅರಮನೆಗೆ ಹೋಗಿ ಭಾಷಣ ಮಾಡಲಿಲ್ಲ. ನೇಗಿಲನ್ನ ತಲೆಕೆಳಗು ಮಾಡಿ, ಊರಬಾಗಿಲಲ್ಲಿರೋ ಮರದ ಕೊಂಬೆಗೆ ನೇತುಹಾಕಿದರು. ಅಷ್ಟೇ. ಈ ತೆರಿಗೆ ಇಳಿಯೋ ತನಕ ಉಳಲ್ಲ ಅಂತ ಅರ್ಥ. ಯಾರು ನೇತುಹಾಕಿದ್ದು ಅಂತ ಕೇಳಿದರೆ ಹೆಸರಿಲ್ಲ, ಇಡೀ ಊರು.

ನನಗೆ ಬಹಳ ಇಷ್ಟವಾದದ್ದು ವಿಲ್ಕ್ಸ್ ಆ ಮರಕ್ಕೆ ಕೊಟ್ಟ ಹೋಲಿಕೆ. ಆ ಮರದ ನೆರಳೇ ಆ ಊರಿನವರ ಕಾಫಿ ಹೌಸು ಅಂತಾನೆ. ಲಂಡನ್ ಕಾಫಿ ಹೌಸುಗಳಲ್ಲಿ ಆಗ ಜನ ಸೇರಿ ರಾಜಕೀಯ ಮಾತಾಡ್ತಿದ್ದರು. ಆ ಹೊಸಬ ನಮ್ಮ ಅರಳಿಕಟ್ಟೆ ನೋಡಿ, ಓಹೋ ಇದೂ ಅದೇನೇ ಅಂತ ಹಿಡಿದುಬಿಟ್ಟ. ಇನ್ನೊಂದು ವಿಷಯ ಗೊತ್ತಾ? ಇಲ್ಲಿ ಚಿಕ್ಕದೇವರಾಜರು ಆಳ್ತಿದ್ದಾಗಲೇ, ಅಂದ್ರೆ 1675ರ ಕೊನೆಗೆ, ಇಂಗ್ಲೆಂಡ್ ರಾಜ ಎರಡನೇ ಚಾರ್ಲ್ಸ್ ಈ ಕಾಫಿ ಹೌಸುಗಳನ್ನೆಲ್ಲ ಮುಚ್ಚಿ ಅಂತ ಆಜ್ಞೆ ಹೊರಡಿಸಿದ್ದ. ಜನ ಗಲಾಟೆ ಮಾಡಿದ್ದಕ್ಕೆ ಕೆಲವೇ ದಿನದಲ್ಲಿ ವಾಪಸ್ ತಗೊಂಡ. ನೇರವಾಗಿ ಮಾತಾಡೋದು ಅವರಿಗೇನು ಹುಟ್ಟಿನಿಂದ ಬಂದದ್ದಲ್ಲ.

ಇಲ್ಲಿ ಏನಾಯ್ತು? ಈ ಪ್ರತಿಭಟನೆಯ ಹಿಂದೆ ಜಂಗಮರು ಇದ್ದಾರೆ ಅಂತ ಅರಮನೆಗೆ ಅನುಮಾನ ಬಂತು. ವಿಲ್ಕ್ಸ್ ಪ್ರಕಾರ ಅವರನ್ನ ನಂಜನಗೂಡಿನ ದೇವಸ್ಥಾನದ ಹತ್ತಿರ ಕರೆಸಲಾಯ್ತು. ಸುಮಾರು 400 ಜನ. ಒಬ್ಬೊಬ್ಬರನ್ನೇ ರಾಜರ ಮುಂದೆ ಬಿಟ್ಟು, ಅಲ್ಲಿಂದ ಆಚೆ ಕಳಿಸೋ ದಾರಿಯಲ್ಲಿ ಕೊಲ್ಲಲಾಯ್ತು. ಹೊರಗೆ ಸರದಿಯಲ್ಲಿ ನಿಂತವರಿಗೆ ಒಳಗೆ ಏನಾಗ್ತಿದೆ ಅಂತ ಗೊತ್ತೇ ಇರಲಿಲ್ಲ.

ಒಂದು ನಿಮಿಷ. ಇದನ್ನ ಎಲ್ಲ ಇತಿಹಾಸಕಾರರೂ ಒಪ್ಪಲ್ಲ. ಮೈಸೂರು ಇತಿಹಾಸ ಬರೆದ ಸಿ. ಹಯವದನ ರಾವ್ ಅವರು ವಿಲ್ಕ್ಸ್ ಕೊಟ್ಟ ವಿವರವನ್ನ ಅನುಮಾನದಿಂದಲೇ ನೋಡಿದರು. ವಿಲ್ಕ್ಸ್ ಕಂಪನಿಯ ಮನುಷ್ಯ, ಹಳೇ ರಾಜರನ್ನ ಕ್ರೂರಿ ಅಂತ ತೋರಿಸಿದರೆ ಕಂಪನಿಗೆ ಲಾಭ. ಹಾಗಾಗಿ 400 ಅನ್ನೋ ಸಂಖ್ಯೆಗೆ ನಾನು ಪಟ್ಟು ಹಿಡಿಯಲ್ಲ. ಆದರೆ ಶ್ರೀಕಂಠೇಶ್ವರನ ಗುಡಿ ಮುಂದೆ ಕಪಿಲಾ ನದಿಗೆ ಇಳಿಯುವಾಗಲೆಲ್ಲ ನನಗೆ ಈ ಕತೆ ನೆನಪಾಗುತ್ತೆ, ಅದನ್ನ ಮಾತ್ರ ತಡೆಯೋಕಾಗಲ್ಲ.

ಅಂಚೆ ಅಂದೆನಲ್ಲ, ಅದರ ಬಗ್ಗೆಯೂ ವಿಲ್ಕ್ಸ್ ಒಂದು ಮಾತು ಬರೀತಾನೆ. ಅಂಚೆಯವರು ಕಾಗದ ಸಾಗಿಸೋದಷ್ಟೇ ಅಲ್ಲ, ತಮ್ಮ ಸೀಮೆಯಲ್ಲಿ ಒಳಗೊಳಗೆ ಏನು ನಡೀತಿದೆ ಅಂತ ಅರಮನೆಗೆ ಸುದ್ದಿಯನ್ನೂ ಮುಟ್ಟಿಸಬೇಕಿತ್ತು. ಅಂದ್ರೆ ಕಟ್ಟೆ ಮೇಲೆ ಆಡಿದ ಮಾತು ಯಾರ ಕಿವಿಗೆ ಹೋಗುತ್ತೋ ಹೇಳೋಕಾಗಲ್ಲ. ಅಂಥ ಕಡೆ ‘ನೋಡಣ ಬುಡಿ’ ಅನ್ನೋದು ಹೇಡಿತನ ಅಲ್ಲ, ತಲೆ ಉಳಿಸ್ಕೊಳ್ಳೋ ವಿದ್ಯೆ. ಕನ್ನಡದಲ್ಲಿ ಇದಕ್ಕೆ ಇರೋ ಪದಗಳನ್ನೇ ನೋಡಿ: ಅರಿಕೆ, ಬಿನ್ನಹ, ಅಹವಾಲು. ಎಲ್ಲ ಕೆಳಗಿಂದ ಮೇಲಕ್ಕೆ ಕೈಮುಗಿದು ಹೋಗೋ ಪದಗಳೇ.

ಮತ್ತೆ 1881ಕ್ಕೆ ಬನ್ನಿ. ದಿವಾನ್ ರಂಗಾಚಾರ್ಲು ಮೈಸೂರಲ್ಲಿ ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. ಅಕ್ಟೋಬರ್ 7, ದಸರಾ ಹೊತ್ತು, 144 ಜನ. ಪ್ರತಿ ತಾಲ್ಲೂಕಿಂದ ಒಬ್ಬಿಬ್ಬರು ರೈತರು ಬರಬೇಕು ಅಂತ ಲೆಕ್ಕ. ದಿವಾನರು ವರ್ಷದ ಆದಾಯ, ಖರ್ಚು, ಕೆಲಸ ಎಲ್ಲ ಓದಿ ಹೇಳೋದು, ಇವರು ತಮ್ಮ ಊರಿನ ಕಷ್ಟ ಹೇಳೋದು. ಕಾನೂನು ಮಾಡೋ ಅಧಿಕಾರ ಇರಲಿಲ್ಲ, ವೋಟಿಲ್ಲ, ಬರೀ ಹೇಳ್ಕೊಳ್ಳೋದು. ಅಲ್ಲಿಗೆ ಬಂದವರು ಜಮೀನಿದ್ದವರು, ವ್ಯಾಪಾರಿಗಳು. ಅವರ ಗದ್ದೆಯಲ್ಲಿ ದುಡೀತಿದ್ದವರನ್ನ ಯಾರೂ ಕರೆದಿರಲಿಲ್ಲ, ಹೆಂಗಸರನ್ನಂತೂ ಇಲ್ಲವೇ ಇಲ್ಲ. ಆದರೂ ಎದ್ದು ನಿಂತು ದೂರು ಹೇಳಿ, ದಸರಾ ನೋಡ್ಕೊಂಡು, ಹುಷಾರಾಗಿ ಮನೆಗೆ ವಾಪಸ್ ಹೋಗಬಹುದು ಅನ್ನೋದು ಗೊತ್ತಾಯ್ತಲ್ಲ, ನನಗೆ ಅದು ಸಣ್ಣದು ಅನ್ನಿಸಲ್ಲ.

ನಮ್ಮ ಊರಿನ ಗ್ರಾಮಸಭೆಯಲ್ಲಿ ಇವತ್ತಿಗೂ ‘ಏನಾದ್ರೂ ಹೇಳೋದಿದೆಯಾ?’ ಅಂದ್ರೆ ಎಲ್ಲರೂ ನೆಲ ನೋಡ್ತಾರೆ. ಐದು ನಿಮಿಷ ಬಿಟ್ಟು ಟೀ ಅಂಗಡಿ ಮುಂದೆ ನಿಂತರೆ ಪಂಚಾಯ್ತಿಯ ಪೂರ್ತಿ ಆಡಿಟ್ ರಿಪೋರ್ಟ್ ಸಿಗುತ್ತೆ.

ಇದನ್ನೆಲ್ಲ ಅತ್ತೆ ಮಗನಿಗೆ ವಾಯ್ಸ್ ನೋಟ್ ಮಾಡಿ ಕಳಿಸಿದೆ. ಹನ್ನೊಂದು ನಿಮಿಷದ್ದು, ಪಾಪ, ಪೂರ್ತಿ ಕೇಳಿದ್ದಾನೆ. ‘ಇಲ್ಲಿ ನೇತುಹಾಕಕ್ಕೆ ಲ್ಯಾಪ್‌ಟಾಪ್ ಬಿಟ್ರೆ ಏನೂ ಇಲ್ಲ ಕಣ್ಲಾ’ ಅಂದ. ಆಮೇಲೆ ಆ ಹುಡುಗಿಯನ್ನೇ ಕೇಳಿ, ಮ್ಯಾನೇಜರ್‌ಗೆ ಮೂರು ಸಾಲಿನ ಮೇಲ್ ಬರೆದಿದ್ದಾನೆ. ಇದು ಆಗಲ್ಲ, ಕಾರಣ ಇದು, ಬದಲಿಗೆ ಇದು ಮಾಡಬಹುದು ಅಂತ. ಕಳಿಸೋಕೆ ಮುಂಚೆ ನನಗೆ ತೋರಿಸಿದ. ಕೊನೇ ಸಾಲಲ್ಲಿ ‘ತಪ್ಪು ತಿಳಿಯಬೇಡಿ’ ಅಂತ ಇತ್ತು. ತೆಗೀಲಾ ಅಂದ. ಇರಲಿ ಬುಡು ಅಂದೆ.

ನಂಜನಗೂಡು, ಟಿ. ನರಸೀಪುರ ಕಡೆ ನಿಮ್ಮ ಮನೆಯ ಹಿರಿಯರು ಯಾರಾದರೂ ಈ ನೇಗಿಲಿನ ಕತೆ ಹೇಳಿದ್ದರೆ ನನಗೊಂದು ವಾಯ್ಸ್ ನೋಟ್ ಕಳಿಸಿ. ವಿಲ್ಕ್ಸ್ ಬರೆದದ್ದು ಗೊತ್ತಾಯ್ತು. ನಮ್ಮವರು ಏನಂತಾರೆ ಅಂತಾನೂ ಕೇಳಬೇಕು.