ಮಿದಿ ಕಾಲುವೆಯ ದಡದ ದಾರಿ

ಮನುಷ್ಯನು ಒಂದು ಪ್ರಯೋಜನಕ್ಕೆಂದು ನಿರ್ಮಿಸಿದ ವಸ್ತುವು ಆ ಪ್ರಯೋಜನವು ತೀರಿದ ಬಳಿಕ ಸಾಮಾನ್ಯವಾಗಿ ಹಾಳಾಗುವುದು. ಕೋಟೆಯ ಕಲ್ಲುಗಳನ್ನು ಜನರು ಮನೆ ಕಟ್ಟಲು ಕೊಂಡೊಯ್ಯುವರು; ಸುಂಕದ ಕಟ್ಟೆಗಳಲ್ಲಿ ಬಾವಲಿಗಳು ನೆಲಸುವುವು. ಕೆಲವೆಡೆ ಮಾತ್ರ ಹಾಗಾಗದೆ, ಒಂದು ಕಾಲದ ದುಡಿಮೆಯ ಸ್ಥಾನವು ಮತ್ತೊಂದು ಕಾಲದ ವಿಶ್ರಾಂತಿಯ ಸ್ಥಾನವಾಗುವುದುಂಟು. ಫ್ರಾನ್ಸ್ ದೇಶದ ದಕ್ಷಿಣದಲ್ಲಿ, ತುಲೂಸ್ ನಗರದಿಂದ ಮೆಡಿಟರೇನಿಯನ್ ಸಮುದ್ರದ ಅಂಚಿನ ತೋ ಸರೋವರದವರೆಗೆ 240 ಕಿಲೊಮೀಟರ್ ಹರಿಯುವ ಮಿದಿ ಕಾಲುವೆಯ ದಡದ ದಾರಿಯು ಇಂಥದು. ದೋಣಿಗಳನ್ನೆಳೆಯುವ ಕುದುರೆಗಳಿಗೆಂದು ಮಾಡಿದ ಆ ದಾರಿಯಲ್ಲಿ ಈಗ ಸೈಕಲ್ಲಿನ ಯಾತ್ರಿಕರು ಮೋಟಾರುಗಳ ಭಯವಿಲ್ಲದೆ ಸಂಚರಿಸುತ್ತಿರುವರು. ಈ ಮಾರ್ಪಾಡು ಹೇಗಾಯಿತೆಂಬುದನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರ. ‘ಮಿದಿ’ ಎಂದರೆ ಆ ಭಾಷೆಯಲ್ಲಿ ನಡುಹಗಲು. ನಡುಹಗಲಿನಲ್ಲಿ ಸೂರ್ಯನು ಅಲ್ಲಿ ದಕ್ಷಿಣದಲ್ಲಿರುವನಾದುದರಿಂದ ದಕ್ಷಿಣ ಪ್ರಾಂತಕ್ಕೂ ಅದೇ ಹೆಸರು ಸಂದಿತು.

ಫ್ರಾನ್ಸಿಗೆ ಪಶ್ಚಿಮದಲ್ಲಿ ಅಟ್ಲಾಂಟಿಕ್ ಸಾಗರ, ದಕ್ಷಿಣದಲ್ಲಿ ಮೆಡಿಟರೇನಿಯನ್ ಸಮುದ್ರ. ಒಂದರಿಂದ ಮತ್ತೊಂದಕ್ಕೆ ಸರಕು ಸಾಗಬೇಕಾದರೆ ಹಡಗುಗಳು ಸ್ಪೇನ್ ದೇಶವನ್ನೆಲ್ಲ ಬಳಸಿಕೊಂಡು, ಕಡಲುಗಳ್ಳರಿಗೆ ಅಂಜುತ್ತ, ಜಿಬ್ರಾಲ್ಟರಿನ ಮಾರ್ಗವಾಗಿ ಬರಬೇಕಾಗಿತ್ತು. ಗರೋನ್ ನದಿಯು ತುಲೂಸಿನಿಂದ ಪಶ್ಚಿಮಸಾಗರಕ್ಕೆ ಹರಿಯುತ್ತಿತ್ತು. ಆ ನಗರದಿಂದ ಪೂರ್ವದ ಸಮುದ್ರಕ್ಕೆ ಒಂದು ಕಾಲುವೆಯನ್ನು ತೋಡಿದರೆ ಸಾಕೆಂದು ಅನೇಕರು ಎಣಿಸಿದ್ದರು. ಆದರೆ ನಡುವೆ ಒಂದು ದಿಣ್ಣೆಯಿತ್ತು. ಕಾಲುವೆಯು ಅದನ್ನು ದಾಟಬೇಕಾದರೆ ಅದರ ನೆತ್ತಿಯ ಮೇಲೆಯೇ ಸದಾ ನೀರಿರಬೇಕು. ಏಕೆಂದರೆ ಅಲ್ಲಿಂದ ಎರಡು ದಿಕ್ಕಿಗೂ ನೀರು ಇಳಿದುಹೋಗುತ್ತಲೇ ಇರುವುದು. ಆ ನೀರನ್ನು ತರುವುದೆಲ್ಲಿಂದ?

ಇದಕ್ಕೆ ಉತ್ತರವನ್ನು ಕಂಡವನು ಶಿಲ್ಪಿಯಲ್ಲ, ಇಂಜಿನಿಯರನಲ್ಲ; ಉಪ್ಪಿನ ತೆರಿಗೆಯನ್ನು ವಸೂಲು ಮಾಡುತ್ತಿದ್ದ ಪಿಯರ್-ಪಾಲ್ ರಿಕೆ ಎಂಬ ಅಧಿಕಾರಿ. ತೆರಿಗೆಯ ಕೆಲಸಕ್ಕಾಗಿ ಆ ಸೀಮೆಯನ್ನೆಲ್ಲ ಸುತ್ತಿದ್ದ ಈತನಿಗೆ ನೆಲದ ಏರುತಗ್ಗುಗಳು ಚೆನ್ನಾಗಿ ಪರಿಚಿತವಾಗಿದ್ದುವು. ಉತ್ತರದ ‘ಕಪ್ಪು ಬೆಟ್ಟ’ಗಳ ಹಳ್ಳಗಳನ್ನು ತಡೆದು, ಸಣ್ಣ ಕಾಲುವೆಗಳಿಂದ ನೀರನ್ನು ನೊರೂಜ್ ಎಂಬ ನೆತ್ತಿಗೆ ತರಬಹುದೆಂದು ಆತನು 1662ರಲ್ಲಿ ಮಂತ್ರಿ ಕೋಲ್ಬೇರನಿಗೆ ಬರೆದನು. 1666ರಲ್ಲಿ ಹದಿನಾಲ್ಕನೆಯ ಲೂಯಿ ದೊರೆಯ ಅಪ್ಪಣೆಯಾಯಿತು. ಮರುವರ್ಷವೇ ಸೇಂ-ಫೆರಿಯೋಲ್ ಎಂಬಲ್ಲಿ ದೊಡ್ಡ ಜಲಾಶಯದ ಏರಿಗೆ ಅಸ್ತಿವಾರ ಬಿತ್ತು. ಹಳ್ಳಕ್ಕೆ ಅಡ್ಡಗಟ್ಟೆ ಹಾಕಿ ದೂರದ ಕೆರೆಯನ್ನು ತುಂಬಿಸುವ ನಮ್ಮ ಹಿರಿಯರ ಕ್ರಮವನ್ನು ಬಲ್ಲ ವಾಚಕರಿಗೆ ಈ ಉಪಾಯದ ಮರ್ಮವು ಸುಲಭವಾಗಿ ತಿಳಿಯುವುದು.

ಕೆಲಸವು ಬಿರುಸಾಗಿದ್ದಾಗ ಸುಮಾರು 12,000 ಮಂದಿ ದುಡಿಯುತ್ತಿದ್ದರು. ಅವರಲ್ಲಿ ಹೆಂಗಸರೂ ಅನೇಕರು. ಮಳೆ ಬಂದ ದಿನಕ್ಕೂ ಹಬ್ಬದ ದಿನಕ್ಕೂ ಸಂಬಳವನ್ನು ಕಡಿಯದೆ ರಿಕೆಯು ತಿಂಗಳ ಕೂಲಿಯನ್ನು ಕೊಡುತ್ತಿದ್ದನು. ಆ ಕಾಲದಲ್ಲಿ ಇದು ಅಪರೂಪ. ದೊರೆಯ ಬೊಕ್ಕಸದ ಹಣವು ಸಾಲದೆ ತನ್ನ ಸ್ವತ್ತನ್ನೂ ಸುರಿದು ಸಾಲಗಾರನಾದನು. 1680ರ ಅಕ್ಟೋಬರಿನಲ್ಲಿ ಕಣ್ಣುಮುಚ್ಚಿದನು. ಕಾಲುವೆಯಲ್ಲಿ ದೋಣಿಗಳು ವಿಧಿಪೂರ್ವಕವಾಗಿ ಸಾಗಿದ್ದು 1681ರ ಮೇ ತಿಂಗಳಲ್ಲಿ. ಹದಿನಾಲ್ಕು ವರ್ಷ ಬೆವರು ಹರಿಸಿದವನಿಗೆ ಏಳೆಂಟು ತಿಂಗಳ ಆಯುಸ್ಸು ಸಾಲದೆ ಹೋಯಿತು!

ಇನ್ನು ಈ ದಾರಿಯು ಸೈಕಲ್ಲಿಗೆ ಒಗ್ಗಿದ್ದೇಕೆಂಬುದನ್ನು ನೋಡೋಣ. ನೀರು ಏರನ್ನು ಹತ್ತಲಾರದು. ಆದುದರಿಂದ ಕಾಲುವೆಯು ಗುಡ್ಡಗಳ ಪಕ್ಕವನ್ನು ಹಿಡಿದು, ಒಂದೇ ಮಟ್ಟದಲ್ಲಿ ಸುತ್ತುತ್ತ ಬಳಸುತ್ತ ಹೋಗುವುದು. ಮಟ್ಟವು ಬದಲಾಗಲೇಬೇಕಾದಲ್ಲಿ ಲಾಕುಗಳಿರುವುವು. ಲಾಕೆಂದರೆ ಹಿಂದೆ ಮುಂದೆ ಕದಗಳುಳ್ಳ ಕಲ್ಲಿನ ತೊಟ್ಟಿ. ದೋಣಿಯು ಒಳಹೊಕ್ಕ ಬಳಿಕ ಕದವಿಕ್ಕಿ, ನೀರನ್ನು ತುಂಬಿ ದೋಣಿಯನ್ನೇರಿಸುವರು, ಬಿಟ್ಟು ಇಳಿಸುವರು. ಮಣ್ಣಿನ ಒತ್ತಡಕ್ಕೆ ಗೋಡೆಗಳು ಕುಸಿಯದಿರಲೆಂದು ಇವುಗಳನ್ನು ಅಂಡಾಕಾರವಾಗಿ ಕಟ್ಟಿದರು. ಬೆಝಿಯೇ ಪಟ್ಟಣದ ಬಳಿ ಫೋನ್ಸೆರಾನ್ ಎಂಬಲ್ಲಿ ಇಂಥ ಎಂಟು ತೊಟ್ಟಿಗಳು ಮೆಟ್ಟಿಲುಗಳಂತೆ ಒಂದರ ಕೆಳಗೊಂದು ಇಳಿದಿರುವುವು. ಅದರ ಸಮೀಪದ ಮಲ್ಪಾ ಗುಡ್ಡದಲ್ಲಿ 1679ರಲ್ಲಿ ಸುರಂಗವನ್ನು ಕೊರೆದು ಕಾಲುವೆಯನ್ನು ದಾಟಿಸಿದರು. ಹೀಗೆ ನೀರಿಗೆ ಹಿತವಾದ ಮಟ್ಟವೇ ದಡದ ಕುದುರೆಗೂ ಹಿತವಾಯಿತು. ಕುದುರೆಗೆ ಹಿತವಾದುದು ಇನ್ನೂರು ವರ್ಷಗಳ ಮೇಲೆ ಹುಟ್ಟಿದ ಸೈಕಲ್ಲಿಗೂ ಹಿತವಾಯಿತು. ಕೆರೆಯ ಏರಿಯ ಮೇಲೆ ಸೈಕಲ್ಲು ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ದಾರಿಯ ಸುಖವನ್ನು ಮೊದಲೇ ಕಂಡುಕೊಂಡವರೂ ಇದ್ದರು. ಅಮೆರಿಕದ ರಾಯಭಾರಿಯಾಗಿ ಫ್ರಾನ್ಸಿನಲ್ಲಿದ್ದ ಥಾಮಸ್ ಜೆಫರ್ಸನ್ನನು 1787ರ ಮೇ ತಿಂಗಳಲ್ಲಿ ತನ್ನ ಸಾರೋಟಿನ ಚಕ್ರಗಳನ್ನು ಕಳಚಿಸಿ, ಅದನ್ನು ದೋಣಿಯ ಮೇಲಿರಿಸಿ, ಸಮುದ್ರದ ಕಡೆಯಿಂದ ತುಲೂಸಿಗೆ ಪಯಣಿಸಿದನು. ಬೇಸರವಾದಾಗ ದಡಕ್ಕಿಳಿದು ನಡೆಯುವನು; ದಣಿದಾಗ ಸಾರೋಟಿನೊಳಗೆ ಕುಳಿತು ಓದುವನು. ತಾನು ಕಂಡ ಪ್ರಯಾಣಕ್ರಮಗಳಲ್ಲೆಲ್ಲ ಇದೇ ಮೇಲೆಂದು ಆತನು ಕಾಗದದಲ್ಲಿ ಬರೆದಿರುವನು.

ಆದರೆ 1857ರಲ್ಲಿ ಬೋರ್ಡೋ ನಗರದಿಂದ ಸೆತ್ ಬಂದರಿಗೆ ರೈಲುಹಾದಿ ತೆರೆಯಿತು. ಮರುವರ್ಷ ಆ ರೈಲು ಕಂಪೆನಿಯೇ ಕಾಲುವೆಯನ್ನು ನಲವತ್ತು ವರ್ಷಗಳ ಗುತ್ತಿಗೆಗೆ ಹಿಡಿಯಿತು. ಬೆಕ್ಕಿನ ಕೈಗೆ ಹಾಲಿನ ಕಾವಲನ್ನು ಕೊಟ್ಟಂತಾಯಿತು. ಸರಕೆಲ್ಲ ರೈಲಿಗೆ ಹೋಯಿತು. ಗುತ್ತಿಗೆಯು ಮುಗಿದು ಸರ್ಕಾರವು ಹಿಂದಕ್ಕೆ ಪಡೆದಾಗ ಕಾಲುವೆಯು ಸೊರಗಿತ್ತು. ಮುಂದೆ ಯಂತ್ರದ ದೋಣಿಗಳು ಬಂದು ಕುದುರೆಗಳೂ ದಡವನ್ನು ಬಿಟ್ಟುವು. 1970ರ ದಶಕದಲ್ಲಿ ದೊಡ್ಡ ದೋಣಿಗಳಿಗಾಗಿ ಲಾಕುಗಳನ್ನು ಉದ್ದ ಮಾಡತೊಡಗಿದರಾದರೂ ಕಾಲುವೆಯ ನಡುಭಾಗವನ್ನು ಮುಟ್ಟುವ ಮೊದಲೇ ಆ ಕೆಲಸವು ನಿಂತಿತು. ಆ ಶತಮಾನವು ಮುಗಿಯುವುದರೊಳಗೆ ಸರಕಿನ ದೋಣಿಗಳು ಮರೆಯಾದುವು. 1996ರಲ್ಲಿ ಯುನೆಸ್ಕೊ ಸಂಸ್ಥೆಯು ಕಾಲುವೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ವ್ಯಾಪಾರದ ದೃಷ್ಟಿಯಿಂದ ನೋಡಿದವರಿಗೆ ಇದು ಸೋಲಿನ ಕಥೆ. ಆದರೆ ವ್ಯಾಪಾರವು ಬಿಟ್ಟುಹೋದುದರಿಂದಲೇ ಆ ದಡವು ಹೆದ್ದಾರಿಯಾಗದೆ ಉಳಿಯಿತೆಂಬುದನ್ನು ಮರೆಯಲಾಗದು.

ಅಂಥ ದಾರಿಯ ಬೆಲೆಯನ್ನು ತಿಳಿಯಲು ಅದೇ ದೇಶದ ಪಾಲ್ ದ ವಿವಿಯ ಚರಿತ್ರೆಯನ್ನು ನೆನೆಯಬೇಕು. ‘ವೆಲೋಸಿಯೊ’ ಎಂಬ ಅಂಕಿತದಿಂದ ಬರೆಯುತ್ತಿದ್ದ ಈತನು 1887ರಲ್ಲಿ ಸೈಕಲ್ಲಿಗೆಂದೇ ಒಂದು ಪತ್ರಿಕೆಯನ್ನು ಹೊರಡಿಸಿದನು. ಶಾಕಾಹಾರಿ, ಮಿತವ್ಯಯಿ, ಪ್ರಾಚೀನ ಗ್ರಂಥಗಳಲ್ಲಿ ಆಸಕ್ತನು. ಸೈಕಲ್ಲು ಪಂದ್ಯದ ಸಾಧನ ಮಾತ್ರವಲ್ಲ, ದೇಶವನ್ನು ನೋಡುವ ಸಾಧನವೆಂದು ಬಾಳೆಲ್ಲ ಬೋಧಿಸಿದನು. ಏರಿಗೊಂದು ಇಳಿತಕ್ಕೊಂದು ಗೇರಿರಬೇಕೆಂದು ವಾದಿಸಿದನು. ಸಾವಿರಾರು ಮೈಲಿ ಬೆಟ್ಟದ ಹಾದಿಗಳನ್ನು ತುಳಿದ ಈ ಮಹನೀಯನು 1930ರಲ್ಲಿ ತನ್ನ ಊರಾದ ಸೇಂತ್-ಎತಿಯೆನ್ನಿನ ಬೀದಿಯಲ್ಲಿ, ಸೈಕಲ್ಲನ್ನು ಕೈಯಲ್ಲಿ ಹಿಡಿದು ನಡೆದು ದಾಟುತ್ತಿದ್ದಾಗ, ಟ್ರಾಮಿಗೆ ಸಿಕ್ಕಿ ಪ್ರಾಣಬಿಟ್ಟನು. ಕಾಡುಕಣಿವೆಗಳು ಕಾಯ್ದ ಜೀವವನ್ನು ಪಟ್ಟಣದ ಸಂದಣಿಯು ಕೊಂಡಿತು. ವೇಗದ ವಾಹನಗಳಿಗೂ ನಿಧಾನದ ಯಾತ್ರಿಕರಿಗೂ ಬೇರೆ ಬೇರೆ ದಾರಿ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ?

ಈಗ ತುಲೂಸಿನಿಂದ ಪೂರ್ವಕ್ಕೆ ಸುಮಾರು ಐವತ್ತು ಕಿಲೊಮೀಟರಿನವರೆಗೆ ದಡದ ದಾರಿಯು ನುಣುಪಾಗಿದೆ. ಅನಂತರ ಕಿರಿದಾದ ಮಣ್ಣುಹಾದಿ, ಅಲ್ಲಲ್ಲಿ ಮರದ ಬೇರುಗಳು. ಪಶ್ಚಿಮಕ್ಕೆ, 1856ರಲ್ಲಿ ಪೂರೈಸಿದ 193 ಕಿಲೊಮೀಟರಿನ ಗರೋನ್ ಕಾಲುವೆಯ ಪಕ್ಕದಲ್ಲಿ, ಇನ್ನೂ ಸುಗಮವಾದ ದಾರಿಯಿದೆ. ಆಜೆನ್ ಪಟ್ಟಣದ ಬಳಿ 23 ಕಮಾನುಗಳ ಕಲ್ಲುಸೇತುವೆಯ ಮೇಲೆ ಕಾಲುವೆಯೇ ನದಿಯನ್ನು ದಾಟುವುದು. ಕೆಳಗೆ ಗರೋನ್, ಮೇಲೆ ದೋಣಿ, ಪಕ್ಕದಲ್ಲಿ ದಾರಿ. ದ್ರಾಕ್ಷಿತೋಟಗಳು, ಲಾಕಿನವರ ಹಳೆಯ ಮನೆಗಳು, ನೀರಿನಲ್ಲಿ ಮರಗಳ ನೆಳಲು: ದಾರಿಯುದ್ದಕ್ಕೂ ಇವೇ ಜೊತೆಗಾರರು.

ಆದರೆ ಆ ನೆಳಲಿಗೇ ಈಗ ಕೇಡು ಬಂದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ನೆಟ್ಟ ಪ್ಲೇನ್ ಮರಗಳು, ಕಾಶ್ಮೀರದ ಚಿನಾರಿನ ಬಂಧುಗಳು, ದಡಗಳಲ್ಲಿ ಸುಮಾರು 42,000 ಇದ್ದುವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮದ್ದುಗುಂಡಿನ ಮರದ ಪೆಟ್ಟಿಗೆಗಳೊಡನೆ ಅಮೆರಿಕದಿಂದ ಬಂತೆನ್ನಲಾದ ಒಂದು ಬೂಷ್ಟುರೋಗವು 2006ರಲ್ಲಿ ಈ ಕಾಲುವೆಯ ಮರಗಳಲ್ಲಿ ಕಾಣಿಸಿಕೊಂಡಿತು. ಬೇರಿನಿಂದ ಬೇರಿಗೆ, ನೀರಿನಿಂದ ಗಾಯಕ್ಕೆ ಅದು ಹರಡುವುದು, ಔಷಧವಿಲ್ಲ. ತಗುಲಿದ ಮರವನ್ನೂ ನೆರೆಯ ಮರಗಳನ್ನೂ ಕಡಿದು ಸುಡಬೇಕು. ಅರ್ಧಕ್ಕಿಂತ ಹೆಚ್ಚು ಮರಗಳು ಹೀಗೆ ಉರುಳಿದುವು. ಒಂದೇ ಜಾತಿಯ ಮರಗಳಿದ್ದುದರಿಂದ ರೋಗಕ್ಕೆ ಸಾಲೆಲ್ಲ ತುತ್ತಾಯಿತೆಂದು ತಿಳಿದು, ಈಗ ಓಕ್ ಮೊದಲಾದ ಹಲವು ಜಾತಿಯ ಸಸಿಗಳನ್ನು ನೆಡುತ್ತಿರುವರು.

ನಮ್ಮ ಧರ್ಮಶಾಸ್ತ್ರಕಾರರು ಕೆರೆ ಬಾವಿಗಳನ್ನು ತೋಡಿಸುವುದನ್ನೂ ಮರಗಳನ್ನು ನೆಡಿಸುವುದನ್ನೂ ‘ಪೂರ್ತ’ವೆಂದು ಕರೆದು, ಯಜ್ಞಾದಿಗಳ ‘ಇಷ್ಟ’ದೊಡನೆ ಸಮಾನವಾಗಿ ಎಣಿಸಿದರು. ಫಲವನ್ನು ಉಣ್ಣುವವರು ಯಾರೆಂದು ತಿಳಿಯದೆಯೇ ಮಾಡತಕ್ಕ ಕೆಲಸವದು. ರಿಕೆಯು ಉಪ್ಪಿನ, ಧಾನ್ಯದ ದೋಣಿಗಳನ್ನು ಎಣಿಸಿದ್ದನು. ಅವನ ದಡವು ದೊರೆತದ್ದು ಅವನು ಊಹಿಸಲಾರದ ಯಂತ್ರವನ್ನೇರಿದ ಜನರಿಗೆ. ಈಗ ನೆಟ್ಟ ಸಸಿಗಳು ದಡವನ್ನು ಮುಚ್ಚುವಷ್ಟು ಬೆಳೆಯಲು ಒಂದು ತಲೆಮಾರಾದರೂ ಬೇಕು. ಅಷ್ಟರವರೆಗೆ ಯಾತ್ರಿಕರು ಬಿಸಿಲನ್ನು ಸಹಿಸಿಕೊಂಡೇ ಆ ದಾರಿಯನ್ನು ತುಳಿಯುವರು. ಸಸಿಗಳು ನಿರ್ವಿಘ್ನವಾಗಿ ಬೆಳೆಯಲೆಂದು ದೂರದೇಶದ ನಾವೂ ಹಾರೈಸೋಣ.